ಒಂದು ಹಿಡಿ ಕೆಂಪಕ್ಕಿ

ಅಕ್ಕಿ ಉದುರುವ ಸದ್ದು ನಿಂತಿತು, ಇಂಜಿನ್ ಮಾತ್ರ ಸುಮ್ಮನೆ ದಡಬಡ ಅನ್ನುತ್ತಿದೆ, ಮತ್ತೆ ಯಾರದೋ ಸಣ್ಣ ಗಂಟು ಮುಗಿದಿರಬೇಕು, ಯಂತ್ರದ ಬಾಯಿ ಗುಡಿಸಿ ಇನ್ನೊಬ್ಬಳ ಭತ್ತ ಸುರಿಯುವವರೆಗೆ ಹೀಗೇ, ಕಿಟಕಿಯಾಚೆ ಹೆಂಗಸರ ಸಾಲು, ತಲೆಯ ಮೇಲಿಂದ ಇಳಿಸಿದ ಗಂಟುಗಳ ಸಾಲು, ಒಂದಕ್ಕೆ ಹಸಿರು ಸೀರೆಯ ಚೂರು ಬಿಗಿದಿದೆ, ಹಾಗಾದರೆ ಗುಡ್ಡಮ್ಮ ಬಂದಿದ್ದಾಳೆ, ಚಂದ್ರಗುತ್ತಿಯ ಬಸ್ಸು ಬಂದಾಯಿತು — ಕೇಳಿಸ್ತಲ್ಲ ಮೂರ್ತಿ, ಇದನ್ನೇ ನಾನು ಹೇಳಾದು, ಎಣ್ಣಿ ಉರೀತೈತಿ, ಅಕ್ಕಿ ಬರ್ತಿಲ್ಲ, ಪರಮಶಿವಪ್ಪನವರು ಬೆರಳೆತ್ತಿ ಆ ಖಾಲಿ ಸದ್ದನ್ನೇ ಸಾಕ್ಷಿಗೆ ಕರೆದರು. ಶಿವಮೂರ್ತಪ್ಪ ತಲೆಯಾಡಿಸಿದ, ಹೌದು ಅಂದ ಹಾಗೂ ಆಯಿತು, ಅನ್ನದ ಹಾಗೂ ಆಯಿತು, ಮಿಲ್ಲಿಗೆ ಮೂವರು ಪಾಲುದಾರರು, ಇಬ್ಬರ ಮಾತು ಹೊರಬಿದ್ದಿದೆ, ಬರುವ ಸಂತೆಯಿಂದ ಒಂದು ಚೀಲಕ್ಕಿಂತ ಕಡಿಮೆ ಭತ್ತ ತಂದರೆ ಮುಟ್ಟುವುದೇ ಬೇಡ ಎಂದು ಪರಮಶಿವಪ್ಪನವರು, ಬ್ಯಾಡ್ರಿ ಅಣ್ಣಾರೆ, ಚೀಲ ಇಲ್ದೋರೂ ಉಣ್ತಾರೆ ಎಂದು ರಾಜೇಶ್ವರಮ್ಮ, ಗಂಡ ತೀರಿಕೊಂಡ ಮೇಲೆ ಅವರ ಪಾಲಿನ ಕುರ್ಚಿಯಲ್ಲಿ ತಾವೇ ಬಂದು ಕೂರುವ ಆಕೆ ಮೊದಮೊದಲು ಬಾಯೇ ಬಿಡುತ್ತಿರಲಿಲ್ಲ, ಈಗ ಬಿಟ್ಟರೆ ಒಂದೇ ಮಾತು. ಒಂದು ಆಚೆ, ಒಂದು ಈಚೆ, ನಡುವೆ ಮ್ಯಾನೇಜರೂ ಪಾಲುದಾರನೂ ಆದ ಇವನು.

ನೀನು ದಿನಾ ಇಲ್ಲೇ ಇರಾನು, ನೀನು ಹೇಳಪ್ಪ, ಪರಮಶಿವಪ್ಪನವರು ಇವನ ಕಡೆ ತಿರುಗಿದರು. ಏನು ಹೇಳುವುದು, ಯಾರಿಗೆ ಹೇಳುವುದು, ಈ ಕುರ್ಚಿಯನ್ನು ಕೊಟ್ಟವರೇ ಇವರು, ಶಿರಾಳಕೊಪ್ಪದ ಅಂಗಡಿಯೊಂದರಲ್ಲಿ ತಕ್ಕಡಿ ಹಿಡಿದು ನಿಂತಿದ್ದವನನ್ನು ಕರೆದು ದುಡ್ಡು ನಂದು, ಮೈ ನಿಂದು, ಲಾಭದಾಗೆ ಪಾಲು ತಗೋ ಅಂದವರು, ಹೆಂಡತಿಗೆ ಜ್ವರ ನೆತ್ತಿಗೇರಿದ ದಿನ ತಮ್ಮದೇ ಗಾಡಿ ಕಟ್ಟಿಸಿ ಶಿಕಾರಿಪುರದ ಆಸ್ಪತ್ರೆಗೆ ಕಳಿಸಿದವರು, ಆಕೆ ಇವತ್ತು ಬೆಳಿಗ್ಗೆ ರೊಟ್ಟಿ ತಟ್ಟಿಕೊಟ್ಟಳಲ್ಲ, ಆ ರೊಟ್ಟಿಯಲ್ಲೂ ಇವರ ಋಣವಿದೆ, ಉಂಡ ಮನೆಗೆ ಎರಡು ಬಗೆಯಬಾರದು. ಕೆಟ್ಟವರೂ ಅಲ್ಲ, ಹೊಸ ನಯಾಪೈಸೆ ಬಂದಾಗ ಚೀಲಕ್ಕೆ ಆರಾಣೆಯ ದರ ಮೂವತ್ತೇಳೂವರೆ ಪೈಸೆಯಾಯಿತು, ಬೇರೆ ಮಿಲ್ಲಿನವರೆಲ್ಲ ನಲವತ್ತು ಮಾಡಿ ಕೂತರು, ಇವರು ಮೂವತ್ತೇಳು ಬರಿ ಅಂದರು, ಅರ್ಧ ಪೈಸೆ ಗಿರಾಕಿಗೇ ಇರ್ಲಿ, ಅರ್ಧ ಪೈಸೆಗೆ ಹೆಸರು ಕೆಡಿಸ್ಕಳಾದು ಬ್ಯಾಡ, ಅಂಥವರು ಎಣ್ಣೆ ಉರಿಯುವುದಕ್ಕೆ ಸಂಕಟಪಟ್ಟರೆ ತಪ್ಪೇನು, ಮಿಲ್ಲು ಮುಚ್ಚಿದರೆ ಚೀಲದವರಿಗೂ ಇಲ್ಲ, ಗಂಟಿನವರಿಗೂ ಇಲ್ಲ — ಆದರೆ ಹಸಿರು ಚೂರು, ಆ ಗಂಟು ಒಂದಿಷ್ಟು ಮುಂದೆ ಸರಿದಿದೆ, ಅವಳು ಕಾಣುತ್ತಿಲ್ಲ, ಗಂಟಷ್ಟೇ ಕಾಣುತ್ತದೆ, ಅವಳ ಬೆರಳು, ಮೊರದ ಅಂಚು, ಒಂದು ಕೆಂಪು ಕಾಳು — ಬೇಡ, ಅದು ಈಗ ಬೇಡ.

ಬೇಡವೆಂದರೆ ಬಿಡುವ ನೆನಪೇ ಅದು, ಹೋದ ವರ್ಷ ಹೊಸ ಭತ್ತ ಬಂದ ಮೊದಲ ಸಂತೆ, ಅವತ್ತೂ ಹೀಗೇ ಸಾಲು, ಹೀಗೇ ಖಾಲಿ ಓಡುವ ಇಂಜಿನ್, ಇವನ ತಲೆಯಲ್ಲಿ ಭಾರೀ ಉಪಾಯವೊಂದು ಹೊಳೆಯಿತು, ಒಬ್ಬೊಬ್ಬರದನ್ನೂ ಬೇರೆಬೇರೆ ಯಾಕೆ ಹಾಕಬೇಕು, ಎಲ್ಲರ ಭತ್ತವನ್ನೂ ತೂಗಿ ಒಟ್ಟಿಗೇ ಸುರಿದು, ತೂಕಕ್ಕೆ ತಕ್ಕಂತೆ ಅಕ್ಕಿ ಹಂಚಿದರಾಯಿತು, ಅಕ್ಕಿ ಅಕ್ಕಿಯೇ ತಾನೆ. ಅಬ್ಬಾ ಜಾಣ. ಮಧ್ಯಾಹ್ನದವರೆಗಿನ ಕೆಲಸ ಹತ್ತು ಗಂಟೆಗೇ ಮುಗಿಯಿತು, ಮೀಸೆ ತಿರುವಿಕೊಂಡು ನಿಂತಿದ್ದ, ಗುಡ್ಡಮ್ಮ ತನ್ನ ಪಾಲಿನ ಅಕ್ಕಿಯನ್ನು ಅಂಗೈ ಮೇಲೆ ಹರಡಿ ನೋಡುತ್ತಿದ್ದಳು, ಎಲ್ಲ ಬಿಳಿ, ನಡುನಡುವೆ ಅಲ್ಲೊಂದು ಇಲ್ಲೊಂದು ಕೆಂಪು, ಅವತ್ತು ಕೆಂಪು ಭತ್ತ ತಂದವಳು ಅವಳೊಬ್ಬಳೇ. ಸಾವ್ಕಾರ್ರೆ, ಇದು ನಮ್ಮ ಗದ್ದೇದಲ್ಲ. ಅಷ್ಟೇ ಅಂದಳು. ಆಗ ಹೊಳೆಯಿತು, ಹೊಸಕ್ಕಿಯ ಊಟ, ವರ್ಷದ ಮೊದಲ ಅನ್ನವನ್ನು ತಮ್ಮದೇ ಗದ್ದೆಯ ಅಕ್ಕಿಯಲ್ಲಿ ಮಾಡಿ ದೇವರ ಮುಂದಿಡದೆ ಯಾರೂ ಬಾಯಿಗಿಡುವುದಿಲ್ಲ, ಊರಿನ ಕೂಸಿಗೂ ಗೊತ್ತಿರುವ ಸಂಗತಿ, ಇವನ ಅವ್ವನೂ ಹಾಗೇ ಮಾಡುತ್ತಿದ್ದಳು, ಒಲೆಯ ಮುಂದೆ ಕೂತು ಎಸರು ಕುದಿಯುವುದನ್ನು ಕಾದವನೇ ಇವನು, ತಕ್ಕಡಿ ಹಿಡಿದೂ ಹಿಡಿದೂ ಅದೆಲ್ಲಿ ಮರೆತನೋ. ಒಳ್ಳೆಯ ಅಕ್ಕಿಯದೇ ಒಂದು ಚೀಲ ಕೊಡುತ್ತೇನೆ ಎಂದು ಗೋಗರೆದ, ಅದು ನಿಮ್ದು ಸಾವ್ಕಾರ್ರೆ, ನಮ್ದಲ್ಲ, ಒಂದು ಮೊರ ಇದ್ರೆ ಕೊಡಿ. ಮೊರ ತೆಗೆದುಕೊಂಡು ಅಂಗಳದ ನೆರಳಿಗೆ ಹೋಗಿ ಕೂತಳು, ಒಂದು ಕೆಂಪು ಕಾಳು, ಇನ್ನೊಂದು, ನೆರಳು ಸರಿದಂತೆ ತಾನೂ ಸರಿದಳು, ಇವನು ಮೂರು ಸಲ ಹೋಗಿ ನಿಂತ, ಮೂರು ಸಲವೂ ಅವಳು ತಲೆಯೆತ್ತಲಿಲ್ಲ, ಕೊನೆಯ ಬಸ್ಸಿನ ಹೊತ್ತಿಗೆ ಒಂದು ಹಿಡಿ ಆಯಿತು. ದೇವ್ರಿಗೆ ಒಂದು ಹಿಡಿ ಆದ್ರೆ ಸಾಕು, ನೀವ್ಯಾಕೆ ಮುಖ ಸಣ್ಣ ಮಾಡ್ತೀರಿ. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ಹಾಕಿಕೊಳ್ಳುವ ಮುಂಚೆ ಅದರಲ್ಲೇ ಒಂದು ಚಿಟಿಕೆ ಇವನ ಕೈಗೂ ಹಾಕಿದಳು, ಹೊಸಕ್ಕಿ, ತಗಳಿ. ಅವಳು ಅಲ್ಲೇ ನಿಂತು ಒಂದು ಕೂಗು ಹಾಕಿದ್ದರೆ ಸಾಕಿತ್ತು, ಇಡೀ ಸಂತೆ ಬಂದು ಬಾಗಿಲಿಗೆ ನಿಲ್ಲುತ್ತಿತ್ತು, ಮಿಲ್ಲಿಗೆ ಬೀಗ ಬೀಳುತ್ತಿತ್ತು, ಕೂಗಲಿಲ್ಲ, ಯಾರಿಗೂ ಹೇಳಲಿಲ್ಲ, ಮುಂದಿನ ಸಂತೆಗೆ ಮತ್ತೆ ಇದೇ ಸಾಲಿನಲ್ಲಿ ಇದೇ ಹಸಿರು ಚೂರು, ಅವತ್ತು ಇವನು ಗೋಣಿಚೀಲಗಳ ಹಿಂದೆ ಹೋಗಿ ಕಣ್ಣೊರೆಸಿಕೊಂಡ. ಇವರು ಗಾಡಿ ಕಟ್ಟಿಸಿದ್ದು ಒಂದು ಋಣ, ಅವಳು ಬಾಯಿ ಕಟ್ಟಿಕೊಂಡದ್ದು ಇನ್ನೊಂದು ಋಣ, ಎರಡೂ ಅನ್ನದ ಋಣವೇ, ಯಾವುದು ಹೆಚ್ಚು ಯಾವುದು ಕಡಿಮೆ ಎಂದು ತೂಗಲು ಈ ತಕ್ಕಡಿಯವನಿಗೂ ಬರುವುದಿಲ್ಲ, ದೇವರೇ, ಎರಡನ್ನೂ ಕೊಟ್ಟೆಯಲ್ಲ, ಅದು ಮಾತ್ರ ದೊಡ್ಡದು.

ಏನಪ್ಪ, ನಿದ್ದಿ ಬಂತಾ. ಇಲ್ಲ ದೊಡ್ಡಪ್ಪಾರೆ, ಗಂಟಿನ ಭತ್ತ ನಿಲ್ಸಾದು ಬ್ಯಾಡ್ರಿ, ಬಾಯಿಂದ ಬಿದ್ದೇಹೋಯಿತು, ಬಿದ್ದ ಮೇಲೆ ಬಾಲ ಹಿಡಿದು ಉಳಿದದ್ದೆಲ್ಲ ಬಂತು, ದರ ಏರ್ಸಾದೂ ಬ್ಯಾಡ, ಚೀಲದೋರು ಸಂತೆ ಬಿಟ್ಟು ಉಳಿದ ದಿನ ಬರ್ಲಿ, ಸಂತೆ ಬೆಳಿಗ್ಗೆ ಗಂಟಿನೋರಿಗೇ ಇರ್ಲಿ, ಮೊದ್ಲು ಬಿಳಿ ಭತ್ತದೋರು, ಆಮೇಲೆ ಕೆಂಪಿನೋರು, ಒಬ್ಬೊಬ್ರದೂ ಬೇರೆನೇ ಹಾಕಾನ, ಬಣ್ಣ ಒಂದೇ ಇದ್ರೆ ನಡುವೆ ಯಂತ್ರದ ಬಾಯಿ ಬೇಗ ಗುಡಿಸ್ಬೋದು, ನಾನೇ ನಿಂತು ಗುಡಿಸ್ತೀನಿ, ಹೊತ್ತು ಉಳೀತೈತಿ, ಎಣ್ಣೀನೂ ಉಳೀತೈತಿ. ರಾಜೇಶ್ವರಮ್ಮ ಸೆರಗು ಸರಿಪಡಿಸಿಕೊಂಡರು, ಹಾಗಂದರೆ ಸಂತೋಷ ಎಂದರ್ಥ. ಪರಮಶಿವಪ್ಪನವರ ಹುಬ್ಬು ಮೇಲೇರಿತು, ನನ್ನ ಮಾತಿಗೆ ಎದುರು ಹೇಳಾಕೆ ನಿಂಗೆ ಏನು ಬಂತೋ ಮೂರ್ತಿ, ಇವತ್ತಿನವರೆಗೆ ಹೇಳಿದೋನಲ್ಲ. ಈಗ ಹೇಳದಿದ್ದರೆ ಇನ್ನು ಯಾವಾಗ, ಇವನು ಹೇಳಿದ, ಒಟ್ಟಿಗೆ ಸುರಿದದ್ದು, ಅವಳು ಆರಿಸುತ್ತ ಕೂತದ್ದು, ತಾನು ಮುಚ್ಚಿಟ್ಟದ್ದು, ಒಂದನ್ನೂ ಬಿಡದೆ, ಪಾಲು ಹೋದರೆ ಹೋಗಲಿ, ಮತ್ತೆ ತಕ್ಕಡಿ ಹಿಡಿದರಾಯಿತು, ಪರಮಶಿವಪ್ಪನವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು, ಹೊರಗೆ ಇಂಜಿನ್ ಸುಮ್ಮನೆ ದಡಬಡ — ಆ ಚಿಟಿಕಿ ಏನು ಮಾಡ್ದಿ, ತಿಂದಾ. ಇಲ್ರಿ, ಬಾಯಿಗೆ ಹಾಕಳಾಕೆ ಆಗ್ಲಿಲ್ಲ, ಮೇಜಿನ ಖಾನೆ ಎಳೆದ, ಮಡಚಿಟ್ಟಿದ್ದ ಕಾಗದ ತೆಗೆದು ಮೇಜಿನ ಮೇಲೆ ಬಿಚ್ಚಿದ, ಬಸ್ಸಿನ ಅವಸರದಲ್ಲಿ ಅವಳು ಕೊಟ್ಟ ಚಿಟಿಕೆಗೆ ಒಂದು ಬಿಳಿ ಕಾಳೂ ಸೇರಿಹೋಗಿತ್ತು, ಇಷ್ಟು ದಿನ ಇವನ ಕಣ್ಣಿಗೇ ಬಿದ್ದಿರಲಿಲ್ಲ. ಪರಮಶಿವಪ್ಪನವರು ಕನ್ನಡಕ ಏರಿಸಿಕೊಂಡು ಬಗ್ಗಿದರು, ಆತು ಬಿಡು, ಸಂತೆ ಬೆಳಿಗ್ಗೆ ಗಂಟಿನೋರಿಗೇ ಅಂತ ಬರಿ ಅಂದರು, ಅನ್ನುತ್ತಲೇ ಅವರ ದಪ್ಪ ಬೆರಳು, ಉಂಗುರದ ಬೆರಳು, ಬಿಳಿಯ ಕಾಳನ್ನು ಮೆಲ್ಲಗೆ ಅತ್ತ ಸರಿಸಿತು, ಒಂದು ಕೆಂಪು ಕಾಳನ್ನು ಇತ್ತ ಎಳೆದುಕೊಂಡಿತು, ಇನ್ನೊಂದು ಕೆಂಪು, ಇನ್ನೊಂದು