ಹದಿನಾಲ್ಕು ಸಾವಿರದ ಸಿಳ್ಳೆ

ನನ್ನ ಮಾವ ಸದಾಶಿವಯ್ಯನವರು ಶೆಟ್ಟಿಕೆರೆಯಲ್ಲಿ ತೆಂಗಿನ ತೋಟವನ್ನೂ ರೇಡಿಯೊ ರಿಪೇರಿಯನ್ನೂ ಒಂದೇ ವಿಧಾನದಲ್ಲಿ ನಡೆಸುತ್ತಿದ್ದರು. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಯಾಗಲಿ, ಗಿರಾಕಿ ತಂದ ರೇಡಿಯೊ ಆಗಲಿ, ಕಿವಿಗೆ ಹಿಡಿದು ಅಲ್ಲಾಡಿಸುವುದು. ಕಾಯಿ ಒಳಗೇ ಗುಡುಗುಡು ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಒಡೆಯಬಹುದು. ರೇಡಿಯೊ ಗುಡುಗುಡು ಎಂದರೆ ಬಿಚ್ಚಬೇಕು. ಆ ಕಿವಿ ಹೇಳಿದ್ದಕ್ಕೆ ಮನೆಯಲ್ಲಿ ಎದುರುಮಾತಿರಲಿಲ್ಲ.

ನಾನು ಮದುವೆಯಾಗಿ ಬಂದ ತೊಂಬತ್ತೆಂಟರಲ್ಲಿ ಸಂಜೆಯಾದರೆ ಕರೆಂಟು ಹೋಗುತ್ತಿತ್ತು. ಮಾವ ಬ್ಯಾಟರಿಯಿಂದ ಅಡುಗೆಮನೆಯ ಟ್ಯೂಬ್‌ಲೈಟು ಉರಿಸುವ ಒಂದು ಪೆಟ್ಟಿಗೆ ಮಾಡಿದರು. ಅದರೊಳಗಿನ ಟ್ರಾನ್ಸಿಸ್ಟರು ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಬಿಟ್ಟು ಹಿಡಿಯುತ್ತದೆ. ನಿಧಾನವಾದರೆ ಟ್ರಾನ್ಸಿಸ್ಟರು ತಣ್ಣಗಿರುತ್ತದೆ, ಆದರೆ ತಂತಿ ಸುತ್ತಿದ ಕಾಯಿಲು ಸಿಳ್ಳೆ ಹಾಕುತ್ತದೆ. ವೇಗವಾದರೆ ಸಿಳ್ಳೆ ಇಲ್ಲ, ಟ್ರಾನ್ಸಿಸ್ಟರು ಕಾದು ಸಾಯುತ್ತದೆ. ಮಾವ ಪೆಟ್ಟಿಗೆಯನ್ನು ಕಿವಿಗೆ ಹಿಡಿದು ತಿರುಪು ತಿರುಗಿಸಿದರು. ಸಿಳ್ಳೆ ನಿಂತು, ಟ್ರಾನ್ಸಿಸ್ಟರೂ ತಣ್ಣಗಿದ್ದ ಕಡೆ ಮೀಟರು ನೋಡಿದರು.

"ಸೆಕೆಂಡಿಗೆ ಹದಿನಾಲ್ಕು ಸಾವಿರ. ಗಪ್‌ಚುಪ್!" ಎಂದು ತಿರುಪಿನ ಮೇಲೆ ಅರಗು ಸುರಿದುಬಿಟ್ಟರು.

ಗಪ್‌ಚುಪ್ಪಂತೆ! ನನಗೆ ಕಿವಿಗೆ ದಬ್ಬಣ ಹಾಕಿದಂತಿತ್ತು.

"ಕೂಗ್ತೈತಲ್ಲ ಮಾವ" ಎಂದೆ.

"ಏನೂ ಕೂಗಲ್ಲ ಕಣವ್ವ."

ಅತ್ತೆ ಗಿರಿಜಾಂಬಿಕಾ ಅವರಿಗೂ ಕೇಳಲಿಲ್ಲ. ನನ್ನ ಗಂಡ ಬಸವಕುಮಾರ್ ಹಿಟ್ಟಿನ ಗಿರಣಿ ನಡೆಸುವವರು; ಅವರಿಗೆ ಊಟಕ್ಕೆ ಕರೆದದ್ದು ಕೇಳಿದರೆ ಹೆಚ್ಚು. ನಾನು ಕಿವಿಗೆ ಹತ್ತಿ ತುರುಕಿಕೊಂಡು ಮುದ್ದೆ ತೊಳಸಿದೆ. ಆಮೇಲೆ ಪೆಟ್ಟಿಗೆ ಆರಿಸಿ ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡೆ. ಪಕ್ಕದ ಮನೆಯ ಬೋರಮ್ಮ ಬಂದು ತಾಯಿತ ಕಟ್ಟಿಸಿ ಎಂದು ಹೇಳಿಹೋದಳು.

"ಬೆಳಕು ಕಂಡ್ರೆ ಆಗಲ್ಲ, ಯಾರೋ ಕೂಗ್ತಾರೆ ಅಂತಾಳೆ. ದಂಡಿನಶಿವರಕ್ಕೆ, ಇವಳ ತವರಿಗೆ, ಹೇಳಿಕಳಿಸ್ರೀ, ಅವರಪ್ಪ ಬಂದು ಕರಕೊಂಡೋಗಿ ತಲೆ ತೋರಿಸ್ಲಿ" ಎಂದು ಅತ್ತೆ ಮಾವನಿಗೆ ಹೇಳಿದರು.

ನನ್ನ ಮೈ ಉರಿದುಹೋಯಿತು. ತಲೆ ಕೆಟ್ಟವಳೆಂದು ಒಮ್ಮೆ ತವರಿಗೆ ಹೋದರೆ ಆ ಹೆಸರು ಸಾಯೋತನಕ ಬಿಡುವುದಿಲ್ಲ.

"ನಾನು ಹಿತ್ತಲಲ್ಲಿ ಬೆನ್ನು ತಿರುಗಿಸಿ ನಿಲ್ತೀನಿ. ಟ್ಯೂಬು ಬಿಚ್ಚಿ, ಬರೀ ಪೆಟ್ಟಿಗೆ ಹಾಕ್ರಿ, ಆರಿಸ್ರಿ; ಯಾವ್ದು ಅಂತ ಕಿವಿಯಲ್ಲೇ ಹೇಳ್ತೀನಿ. ಒಂದು ತಪ್ಪು ಹೇಳಿದ್ರೂ ನಾನೇ ಗಂಟುಮೂಟೆ ಕಟ್ತೀನಿ" ಎಂದೆ.

ಮಾವ ಒಪ್ಪಿದರು. ನಾನು "ಹತ್ತಿತು", "ಆರಿತು" ಎನ್ನುತ್ತಾ ಹೋದೆ. ಆಮೇಲೆ ಸ್ವಿಚ್ಚು ಟಕ್ಕೆಂದಿತು, ಸಿಳ್ಳೆ ಬರಲಿಲ್ಲ.

"ಆರೇ ಐತೆ. ಬ್ಯಾಟರಿ ವೈರು ಕಿತ್ತಿದ್ದೀರ ಮಾವ!"

ಕಿತ್ತಿದ್ದರು. ಅತ್ತೆ ಸೆರಗು ಸರಿಪಡಿಸಿಕೊಂಡು ಒಳಗೆ ಹೋದರು.

ಮಾವ ಅರಗು ಕೆತ್ತಿದರು. ತಿರುಪನ್ನು ಹಿಂದಕ್ಕೆ ತಿರುಗಿಸುತ್ತಾ ಕಿವಿಗೊಟ್ಟರು. ನಾನು ಹಲ್ಲು ಕಚ್ಚಿ ನಿಂತಿದ್ದೆ. ಒಂಬತ್ತು ಸಾವಿರಕ್ಕೆ ಬಂದಾಗ ಅವರ ಹುಬ್ಬು ಮೇಲೆದ್ದಿತು. ಅಲ್ಲಿಂದ ಕೆಳಗಿನ ಸಿಳ್ಳೆ ಮಾತ್ರ ಅವರಿಗೆ ಕೇಳುತ್ತಿದ್ದದ್ದು.

ಕೊನೆಗೆ ಇಪ್ಪತ್ತೈದು ಸಾವಿರಕ್ಕೆ ಏರಿಸಿ ನನ್ನ ಮುಖ ನೋಡಿದರು. "ಈಗ?"

"ಇಲ್ಲ ಮಾವ. ಈಗ ಗಪ್‌ಚುಪ್."

ಟ್ರಾನ್ಸಿಸ್ಟರು ಮುಟ್ಟಲಾಗದಷ್ಟು ಕಾಯಿತು. ಶಾಖ ಎಳೆಯಲೆಂದು ಅದನ್ನು ಅತ್ತೆಯ ಅನ್ನದ ಪಾತ್ರೆಯ ಅಲ್ಯೂಮಿನಿಯಂ ಮುಚ್ಚಳಕ್ಕೆ ಬಿಗಿದರು. ಅನ್ನದ ಮೇಲೆ ತಟ್ಟೆ ಮುಚ್ಚುವಾಗೆಲ್ಲ ಅತ್ತೆ ನನ್ನ ಕಡೆ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ.

ಮಾರನೆಯ ಬೆಳಿಗ್ಗೆ ಮಾವ ಅಟ್ಟದಿಂದ ನನ್ನನ್ನು ಕರೆದರು. ಆ ವರ್ಷ ತಿಪಟೂರಿನ ಮಂಡಿಗೆ ಒಯ್ದ ಕೊಬ್ಬರಿಯಲ್ಲಿ ಹಸಿಯದು ಸಿಕ್ಕಿ ಮೂಟೆ ವಾಪಸಾಗಿತ್ತು. ಕಾಯಿ ಒಣಗಿಸಲು ಅಟ್ಟದ ಕೆಳಗೆ ಹಾಕುವ ಹೊಗೆ ಸಾಲದೆಂದು ಮಾವ ಬೈದಿದ್ದರು. ಈಗ ಒಂದು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಇನ್ನೊಮ್ಮೆ ಅಲ್ಲಾಡಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ತಂದರು.

"ಚಿಪ್ಪು ಬುಟ್ಟೈತೇನವ್ವ?"

ಗೆದ್ದ ಖುಷಿಯೆಲ್ಲ ಇಳಿದುಹೋಗಿ ನನಗೆ ಅಳು ಬಂತು.

"ಇನ್ನೂ ಇಲ್ಲ ಮಾವ."

ಅವರು ಅದನ್ನು ಮತ್ತೆ ಒಣಗುವ ರಾಶಿಗೆ ಹಾಕಿ ಇನ್ನೊಂದನ್ನು ಕೈಗೆತ್ತಿಕೊಂಡರು. ತಮ್ಮ ಕಿವಿಗೆ ಹಿಡಿಯದೆ ನನಗೇ ಕೊಟ್ಟರು.