ಮೊಳೆಯ ಮೇಲಿನ ರಿಂಗುಗಳು

ನನ್ನ ಅಣ್ಣನ ಮಗಳು ಗುಬ್ಬಿ ಮಾಡಿದ ಅರವತ್ತು ಗಾಡಿಗಳು ಬೆಳಗ್ಗೆಯಿಂದ ಆಸ್ಪತ್ರೆಯ ಕಾರಿಡಾರುಗಳಲ್ಲಿ ಗರ ಬಡಿದಂತೆ ನಿಂತಿದ್ದವು. ಯಾರೂ ತಳ್ಳದೆ, ತಾವೇ ಯೋಚಿಸಿಕೊಂಡು ಔಷಧಿ, ಬಟ್ಟೆ ಹೊತ್ತು ಓಡಾಡುವ ಗಾಡಿಗಳಂತೆ ಅವು. ಓಡಾಟ ಎಲ್ಲಿ ಬಂತು! ಮೂರು ಗಂಟೆಗೆ ಸೂಪರಿಂಟೆಂಡೆಂಟ್ ಮೇಡಂ ನೋಡಲು ಬರುವವರಿದ್ದರು. ಅಷ್ಟರಲ್ಲಿ ಓಡದಿದ್ದರೆ ಗಾಡಿಗಳು ಗೋದಾಮಿಗೆ, ಗುಬ್ಬಿಯ ನಾಲ್ಕು ವರ್ಷದ ದುಡಿಮೆ ನೀರುಪಾಲು.

ನಾನು ಅದೇ ಆಸ್ಪತ್ರೆಯ ಬಟ್ಟೆ ವಿಭಾಗದವಳು. ಮೂವತ್ತು ವರ್ಷ ಬೆಡ್‌ಶೀಟು ಎಣಿಸಿ ಎಣಿಸಿ ನಾಲಿಗೆ ಸ್ವಲ್ಪ ಹರಿತವಾಗಿದೆ, ಏನು ಮಾಡಲಿ. ಗುಬ್ಬಿ ಬಂದು ದಿಂಬಿನ ಕವರುಗಳ ರಾಶಿಯ ಮೇಲೆ ಕುಸಿದಾಗ, "ಏಳೇ, ಇಸ್ತ್ರಿ ಹಾಳಾಗುತ್ತೆ!" ಎಂದೆ. ಅವಳ ಕಣ್ಣು ನೋಡಿದ ಮೇಲೆ ನಾನೂ ಪಕ್ಕದಲ್ಲೇ ಕೂತೆ.

"ಅತ್ತೆ, ಒಂದೊಂದು ಗಾಡಿಗೂ ತನ್ನ ಮುಂದಿರೋದು ಮಾತ್ರ ಕಾಣುತ್ತೆ. ಉಳಿದಿದ್ರಲ್ಲಿ ಯಾವ್ದು ಎಲ್ಲಿರಬಹುದು ಅಂತ ಊಹಿಸ್ಬೇಕು. ಐದು ಗಾಡಿ ಇದ್ದಾಗ ಸರಿಹೋಗ್ತಿತ್ತು. ಅರವತ್ತಾದ್ರೆ ಆ ಲೆಕ್ಕ ಮುಗಿಯೋದೇ ಇಲ್ಲ. ಯೋಚಿಸ್ತಾ ನಿಂತ್ಬಿಡ್ತವೆ."

"ಯಾವ್ದು ಅಂತ ಯಾಕೆ ಬೇಕು? ಎಷ್ಟಿವೆ ಅಂತ ಗೊತ್ತಾದ್ರೆ ಸಾಲ್ದಾ?"

ಅವಳು ರಾಶಿಯಿಂದ ಎದ್ದು ನಿಂತಳು.

ಕೈಹಿಡಿದು ಎಳೆದುಕೊಂಡು ಹೋಗಿ ನೆಲಮಾಳಿಗೆಯ ಕಾರಿಡಾರಿನ ಬಾಯಲ್ಲಿರುವ ಮೊಳೆ ತೋರಿಸಿದೆ. ಬಟ್ಟೆ ಗಾಡಿ ತಳ್ಳುವ ನಮ್ಮವರು ಒಳಗೆ ಹೋಗುವಾಗ ಅದಕ್ಕೊಂದು ಹಳೆಯ ಪರದೆ ರಿಂಗು ಸಿಕ್ಕಿಸುತ್ತಾರೆ, ವಾಪಸ್ ಬಂದಾಗ ತೆಗೆಯುತ್ತಾರೆ. ಒಳಗೆ ಮೂರೇ ಗಾಡಿಗೆ ಜಾಗ; ಮೂರು ರಿಂಗಿದ್ದರೆ ನಾಲ್ಕನೆಯವರು ಬೇರೆ ದಾರಿ ಹಿಡಿಯುತ್ತಾರೆ.

"ಒಳಗೆ ಗಾಡಿ ತಳ್ತಿರೋದು ಬೋಡನೋ, ಲಂಬೂನೋ, ಯಾರಿಗೆ ಬೇಕು?"

"ರಿಂಗು ಎಷ್ಟು ಹೊತ್ತಾದ್ರೂ ಇಳೀದಿದ್ರೆ?"

"ಯಾರದ್ದೋ ಚಕ್ರ ಸಿಕ್ಕಿಕೊಂಡಿದೆ ಅಂತ. ಒಬ್ರು ಹೋಗಿ ನೋಡ್ತಾರೆ, ಉಳಿದವ್ರು ಸುತ್ತು ಹಾಕ್ತಾರೆ. ಇದಕ್ಕೂ ಕಂಪ್ಯೂಟರ್ ಬೇಕೇನೇ?"

ಗುಬ್ಬಿ ಗಾಡಿಗಳ ಲೆಕ್ಕ ಬದಲಿಸಲು ತನ್ನ ಕಂಪ್ಯೂಟರಿನತ್ತ ಓಡಿದಳು. ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಮೂರಕ್ಕೆ ಮೇಡಂ ಬಂದರು. ಗಾಡಿಗಳು ಹೊರಟವು! ಈಗ ಅವು ಪ್ರತಿ ಕಾರಿಡಾರಿನಲ್ಲಿ ಎಷ್ಟಿವೆ ಎಂದಷ್ಟೇ ಎಣಿಸುತ್ತಿದ್ದವು. ಮೇಡಂ ಸುಮ್ಮನಿರುವ ಪೈಕಿಯೇ? ಎರಡನೇ ಮಹಡಿಯಲ್ಲಿ ಒಂದು ಗಾಡಿಯ ಸ್ವಿಚ್ ಆರಿಸಿ, "ಇದು ಕೆಟ್ಟೋಯ್ತು ಅಂದ್ಕೊಳ್ಳಿ," ಎಂದರು.

ಹಿಂದಿನ ಗಾಡಿಗಳು ನಿಂತವು. ಗುಬ್ಬಿ ನನ್ನ ತೋಳು ಹಿಡಿದು ಕಣ್ಣು ಮುಚ್ಚಿದಳು. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಒಂದು ಗಾಡಿ ಮೆಲ್ಲಗೆ ಮುಂದೆ ಹೋಗಿ, ಕೆಟ್ಟ ಗಾಡಿಯ ಪಕ್ಕ ನಿಂತು ದೀಪ ಮಿನುಗಿಸಿತು. ಉಳಿದವು ಹಿಂದೆ ತಿರುಗಿ ಪಕ್ಕದ ಕಾರಿಡಾರುಗಳಿಗೆ ಹಂಚಿಹೋದವು.

"ಕಣ್ಣು ಬಿಡೇ, ಓಡ್ತಿವೆ!" ಎಂದು ಕೂಗಿದೆ. ಖುಷಿಗೆ ನನಗೆ ಅಳುವೇ ಬಂತು.

"ಗಾಡಿಗಳು ಇಲ್ಲೇ ಇರಲಿ, ಗೋದಾಮಿಗೆ ಬೇಡ," ಎಂದರು ಮೇಡಂ. "ಯಾರು ಹೇಳ್ಕೊಟ್ರು ನಿಮಗೆ?"

ಗುಬ್ಬಿ ನನ್ನತ್ತ ಬೆರಳು ತೋರಿಸಿದಳು. ಕಾಲಲ್ಲಿ ಇನ್ನೂ ಒಂದೇ ಚಪ್ಪಲಿ.

ಸಂಜೆ ನೆಲಮಾಳಿಗೆಗೆ ಇಳಿದಾಗ ಮೊಳೆಯಲ್ಲಿ ಎರಡು ರಿಂಗಿದ್ದವು, ನಮ್ಮವರು ಇಬ್ಬರು ಒಳಗಿದ್ದರು. ಗುಬ್ಬಿಯ ಗಾಡಿಯೊಂದು ಬಂದು ಪಕ್ಕದಲ್ಲಿ ನಿಂತಿತು. ಪಾಪ, ಅದಕ್ಕೆ ಕೈಯಿಲ್ಲವಲ್ಲ. ನಾನೇ ಅದರ ಪರವಾಗಿ ಮೂರನೇ ರಿಂಗು ಸಿಕ್ಕಿಸಿ, "ಹೋಗಪ್ಪ, ಜಾಗ ಇದೆ," ಎಂದೆ.