ಆಣೆ ಇಡದ ಓಟು

ನನ್ನ ತಮ್ಮ ಚೌರಪ್ಪ ಪಂಚಾಯ್ತಿ ಉಪಚುನಾವಣೆಗೆ ನಿಂತು ಗುರುತು ಪಡೆದು ಬಂದ ದಿನ ನಮ್ಮ ಬೀದಿಯಲ್ಲಿ ಯಾರ ಕಾಲೂ ನೆಲದ ಮೇಲಿರಲಿಲ್ಲ. ಕ್ರೈಸ್ತರ ಮೂವತ್ತೆರಡು ಮನೆಗಳ ಬೀದಿ ನಮ್ಮದು. ಓಟು ಹಾಕುವುದು ನಮ್ಮ ಕೆಲಸ, ಗೆಲ್ಲುವುದು ಬೇರೆಯವರ ಕೆಲಸ ಎಂದುಕೊಂಡೇ ಇಷ್ಟು ವರ್ಷ ಕಳೆದವರು ನಾವು. ಈಗ ನಮ್ಮ ಮನೆಯ ಹುಡುಗನೇ ಅಭ್ಯರ್ಥಿ! ಟ್ರಾಕ್ಟರ್ ಗುರುತು! ಪಟಾಕಿ ಹೊಡೆದರು, ತಮಟೆ ತಂದರು. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ರೋಜಮ್ಮ ಟೀಚರು, ಅಂದರೆ ಅರವತ್ತರ ಹತ್ತಿರ ಬಂದ ನಾನು, ಬೀದಿ ನಡುವೆ ಎರಡು ಹೆಜ್ಜೆ ಕುಣಿದೇಬಿಟ್ಟೆ.

ಎದುರಾಳಿ ಗೌಡರ ಬೀದಿಯ ಮಂಗಳಮ್ಮ. ಕೆಟ್ಟವಳೇನಲ್ಲ, ಯಾರ ಕಷ್ಟಕ್ಕೂ ಓಡಿ ಬರುವ ಹೆಂಗಸು. ಆದರೆ ನಮ್ಮವನೇ ನಿಂತಿರುವಾಗ ಯೋಚನೆ ಏನಿದೆ? ಕ್ರೈಸ್ತರ ಓಟು ಕ್ರೈಸ್ತನಿಗೆ ಎಂದು ನಾನೇ ಮನೆಮನೆಗೂ ಹೋಗಿ ಹೇಳಿ ಬಂದೆ. ಅದರಲ್ಲಿ ಭಕ್ತಿ ಎಷ್ಟು, ತಮ್ಮನ ಮೇಲಿನ ವ್ಯಾಮೋಹ ಎಷ್ಟು ಎಂದು ಕೇಳಿಕೊಳ್ಳುವಷ್ಟು ಪುರುಸೊತ್ತು ಯಾರಿಗಿತ್ತು!

ಮತದಾನಕ್ಕೆ ಎರಡು ದಿನ ಇರುವಾಗ, ಬೆಳಗ್ಗೆ ಡೇರಿಯಲ್ಲಿ ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದೆ. ಹಿಂದೆ ನಿಂತಿದ್ದ ಕೆಳಗಿನ ಬೀದಿಯ ಮಂಚಯ್ಯ ಖುಷಿಯಿಂದ ಹೇಳಿದ.

"ನಮ್ಮ ಬೀದಿ ಓಟೆಲ್ಲ ನಿಮ್ಮ ತಮ್ಮಂಗೇ ಕಣ್ರವ್ವ. ಸಮಾಧಿ ಜಾಗದೊಳಗೆ ಗದ್ದೆಗೆ ಓಗೋ ದಾರಿ ಐತಲ್ಲ, ಅದ ಯಾವತ್ತೂ ಮುಚ್ಚಕ್ಕಿಲ್ಲ ಅಂತ ಮಾತು ಕೊಟ್ಟವ್ರೆ."

ನಾನು ಗಕ್ಕನೆ ಹಿಂದಕ್ಕೆ ತಿರುಗಿದೆ. ಯಾಕೆಂದರೆ ನಮ್ಮವರನ್ನು ಹೂಳುವ ಅದೇ ಸಮಾಧಿ ಜಾಗಕ್ಕೆ ಸುತ್ತಲೂ ಗೋಡೆ ಕಟ್ಟಿಸಿ, ಗೇಟಿಗೆ ಬೀಗ ಹಾಕಿಸುತ್ತೇನೆ ಎಂದು ಚೌರಪ್ಪ ನಮ್ಮ ಬೀದಿಗೆ ಮಾತು ಕೊಟ್ಟಿದ್ದ. ಒಂದೇ ಜಾಗಕ್ಕೆ ಎರಡು ಮಾತು! ಸಿಟ್ಟು ನೆತ್ತಿಗೇರಿತು. ಈ ಹುಡುಗನಿಗೆ ಧರ್ಮೋಪದೇಶ ಕಲಿಸಿದವಳು ನಾನೇ.

ಆ ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ, ಯೇಸುವಿನ ತಾಯಿಯ ಪ್ರತಿಮೆ ಇರುವ ಮಾತೆಯ ಗವಿಯ ಮುಂದೆ ಬೀದಿಯೆಲ್ಲ ಸೇರಿತು. ನಮ್ಮ ಕಡೆ ಚುನಾವಣೆ ಬಂತೆಂದರೆ ಆಣೆ ಇಡಿಸುವುದು ಮಾಮೂಲು. ಬೇರೆ ಬೀದಿಗಳಲ್ಲಿ ದೇವರ ಫೋಟೊ ಮುಟ್ಟಿಸುತ್ತಾರೆ. ಚೌರಪ್ಪ ನಮಗೆ ಹತ್ತಿಸಿದ ಮೇಣದಬತ್ತಿ ಹಿಡಿಸಿದ. ಮೊದಲು ಮುಂದೆ ಹೋದವರು ನನ್ನ ಗಂಡ, ನಮ್ಮ ಯಜಮಾನರು ಇನ್ನಾಸಪ್ಪನವರು. "ಮಾತೆ ಆಣೆಗೂ ನನ್ನ ಓಟು ಟ್ರಾಕ್ಟರಿಗೆ," ಎಂದು ಬೀದಿ ಕೊನೆಯವರೆಗೆ ಕೇಳುವಂತೆ ಕೂಗಿದರು. ಚಪ್ಪಾಳೆಯೋ ಚಪ್ಪಾಳೆ. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ಕೊನೆಗೆ ಬತ್ತಿ ನನ್ನ ಕೈಗೆ ಬಂತು.

"ನಾನು ಆಣೆ ಇಡಕ್ಕಿಲ್ಲ," ಎಂದೆ.

ಚಪ್ಪಾಳೆ ನಿಂತಿತು. ಚೌರಪ್ಪ ನಕ್ಕ. "ತಮಾಷೆ ಮಾಡ್ಬ್ಯಾಡ ಕಣಕ್ಕಾ."

"ತಮಾಷೆ ಅಲ್ಲ ಕಣ್ಲಾ. ಆಣೆ ಇಡಲೇಬ್ಯಾಡಿ ಅಂತ ಯೇಸುಸ್ವಾಮಿನೇ ಅಂದವ್ರೆ. ಔದು ಅಂದ್ರೆ ಔದು, ಇಲ್ಲ ಅಂದ್ರೆ ಇಲ್ಲ. ನಿಂಗೆ ಏಳು ವರ್ಷ ಇದ್ದಾಗ್ಲೇ ಏಳ್ಕೊಟ್ಟಿದ್ನಲ್ಲ, ಮರ್ತೋಯ್ತಾ?"

"ಸರಿ, ಆಣೆ ಬ್ಯಾಡ ಬುಡು. ಔದು ಅಂತ ಒಂದು ಮಾತು ಏಳು."

ಅಲ್ಲಿಗೆ ನಾನು ಸಿಕ್ಕಿಹಾಕಿಕೊಂಡೆ. ಆಣೆ ಇಟ್ಟಿದ್ದರೆ ಗುಂಪಿನಲ್ಲಿ ಗೋವಿಂದ ಎಂದು ಮನೆಗೆ ಹೋಗಬಹುದಿತ್ತು. ಈಗ ಇಡೀ ಬೀದಿಯ ಮುಂದೆ ನನ್ನ ತಮ್ಮನಿಗೆ ಇಲ್ಲ ಎನ್ನಬೇಕು, ಅಥವಾ ಸುಳ್ಳು ಹೇಳಬೇಕು. ಅವ್ವ ಸತ್ತಾಗ ಅವನಿಗೆ ನಾಲ್ಕು ವರ್ಷ. ಎತ್ತಿ ಆಡಿಸಿದವಳು ನಾನು.

"ಸಮಾಧಿ ದಾರಿ ಮುಚ್ತೀಯೋ, ಬುಡ್ತೀಯೋ?" ಎಂದೆ. "ಮಂಚಯ್ಯಂಗೆ ಒಂದು ಏಳಿದ್ದೀಯ, ನಮಗೆ ಒಂದು ಏಳಿದ್ದೀಯ. ಯಾವ್ದಾದ್ರೂ ಒಂದೇ ಮಾತಾಡು, ಅದು ಸತ್ಯ ಆಗಿದ್ರೆ ನನ್ನ ಓಟು ನಿಂದೇ. ಇಲ್ಲಾಂದ್ರೆ ನಮ್ಮೋನು ಆದ್ರೂ ಇಲ್ಲ, ನನ್ನ ತಮ್ಮ ಆದ್ರೂ ಇಲ್ಲ."

ಚೌರಪ್ಪನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ನನ್ನನ್ನು ಹೊಡೆದೇಬಿಡುತ್ತಾನೇನೋ ಅನ್ನಿಸಿತು.

"ದಾರಿ ಮುಚ್ಚಕ್ಕಾಗಕ್ಕಿಲ್ಲ," ಎಂದ ನೆಲ ನೋಡುತ್ತಾ. "ಅವ್ರ ಗದ್ದೆಗೆ ಬೇರೆ ದಾರಿ ಇಲ್ಲ. ಮೂರು ಕಡೆ ಗೋಡೆ ಕಟ್ಟಿಸ್ತೀನಿ, ದಾರಿ ಕಡೆ ಬುಡ್ತೀನಿ. ಪೂರ್ತಿ ಗೋಡೆ ಅಂದಿದ್ದು ಸುಳ್ಳು. ತಪ್ಪಾಯ್ತು."

ಗಲಾಟೆ ಶುರುವಾಯಿತು! ಎರಡು ಓಟಿಗೋಸ್ಕರ ನಮ್ಮನ್ನು ಮಾರಿದೆ ಎಂದು ಒಬ್ಬರು, ಈ ರೋಜಮ್ಮನಿಗೆ ಬಾಯಿ ಜಾಸ್ತಿ ಎಂದು ಇನ್ನೊಬ್ಬರು. ನನ್ನ ತಮ್ಮ ಸತ್ಯ ಹೇಳಿದ್ದ! ಅಷ್ಟು ಜನರ ಮುಂದೆ! ಕಣ್ಣಲ್ಲಿ ನೀರು ತುಂಬಿಕೊಂಡೇ ಕೂಗಿದೆ, "ಔದು ಕಣ್ಲಾ! ನನ್ನ ಓಟು ನಿಂಗೇ!"

ಮತದಾನದ ದಿನ ಬಾಗಿಲು ತೆಗೆಯುವ ಮೊದಲೇ ಹೋಗಿ ಸಾಲಿನಲ್ಲಿ ನಿಂತು ಟ್ರಾಕ್ಟರಿಗೆ ಒತ್ತಿದೆ. ಎಣಿಕೆ ಶ್ರೀರಂಗಪಟ್ಟಣದಲ್ಲಿ. ಹೊರಗೆ ಬಿಸಿಲಿನಲ್ಲಿ ನಾನು, ಯಜಮಾನರು, ಮಂಚಯ್ಯ ಎಲ್ಲರೂ ಬೇಲಿಗೆ ಅಂಟಿಕೊಂಡು ನಿಂತಿದ್ದೆವು. ಒಮ್ಮೆ ಮಂಗಳಮ್ಮ ಆರು ಮುಂದೆ, ಒಮ್ಮೆ ನಮ್ಮವನು ಹತ್ತು ಮುಂದೆ. ಮಂಚಯ್ಯ ಟವೆಲ್ಲು ಬೀಸುತ್ತಾನೆ, ನಾನು ಮಾತೆಯನ್ನು ಕರೆಯುತ್ತೇನೆ, ಮತ್ತೆ ಇಬ್ಬರೂ ಸುಮ್ಮನಾಗುತ್ತೇವೆ. ಕೊನೆಗೆ ಮಂಗಳಮ್ಮ ಇನ್ನೂರ ಹನ್ನೊಂದು, ಚೌರಪ್ಪ ಇನ್ನೂರ ಹತ್ತು. ಇನ್ನೊಮ್ಮೆ ಎಣಿಸಿದರೂ ಅಷ್ಟೇ. ಒಂದೇ ಒಂದು ಓಟು!

ಬರುವಾಗ ಗೂಡ್ಸ್ ಆಟೋದ ಹಿಂದೆ ನಾನು, ಚೌರಪ್ಪ, ಯಜಮಾನರು ಮೂವರೇ ಕೂತಿದ್ದೆವು. ನಾನು ಬಾಯಿ ಬಿಟ್ಟಿದ್ದರಿಂದಲೇ ನನ್ನ ತಮ್ಮ ಸೋತ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಬಾಬುರಾಯನಕೊಪ್ಪಲು ದಾಟಿದ ಮೇಲೆ ಯಜಮಾನರು ಗಂಟಲು ಸರಿಮಾಡಿಕೊಂಡರು.

"ನಾನು ಮಂಗಳಮ್ಮಂಗೆ ಹಾಕ್ಬುಟ್ಟೆ ಕಣಪ್ಪ ಚೌರ."

ಆಟೋ ಹಳ್ಳಕ್ಕೆ ಇಳಿದೆದ್ದರೂ ನನಗೆ ಗೊತ್ತಾಗಲಿಲ್ಲ. "ಮಾತೆ ಮುಂದೆ ಆಣೆ ಇಟ್ಟು! ಎಲ್ಲರಿಗಿಂತ ಜೋರಾಗಿ ಕೂಗಿ!" ಎಂದು ಕಿರುಚಿದೆ.

"ಪೂರ್ತಿ ಗೋಡೆ ಬತ್ತದೆ ಅಂತ ಇಟ್ಟ ಆಣೆ ಅದು. ಆ ದಾರೀಲಿರೋ ನಮ್ಮವ್ವನ ಸಮಾಧಿ ಮೇಲೆ ದಿನಾ ಎಮ್ಮೆ ನಡೀತವೆ ಕಣೇ. ನನ್ನ ಕೈಲಿ ನೋಡಕ್ಕಾಗಕ್ಕಿಲ್ಲ." ನಲವತ್ತು ವರ್ಷ ಜೊತೆಗಿದ್ದರೂ ಇದನ್ನು ನನಗೆ ಹೇಳಿರಲಿಲ್ಲ.

ಚೌರಪ್ಪ ಅವರನ್ನೇ ನೋಡಿದ. "ಆವತ್ತೇ ಎದ್ದು ನಿಂತು ಓಟು ಹಾಕಕ್ಕಿಲ್ಲ ಅನ್ಬೋದಿತ್ತಲ್ಲ ಬಾವ. ನಿಮ್ಮವ್ವನ ಸಮಾಧಿಗೆ ಏನು ಮಾಡ್ಬೇಕು ಅಂತ ಕೂತು ಮಾತಾಡ್ತಿದ್ವಿ."

"ಎಂಗ್ಲಾ ಅನ್ಲಿ? ಅಷ್ಟು ಜನದ ಮುಂದೆ ಆಣೆ ಇಟ್ಬುಟ್ಟಿದ್ನಲ್ಲ."

ಚೌರಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಳುತ್ತಾನೆ ಎಂದುಕೊಂಡರೆ ಭುಜ ಕುಲುಕಿಸಿಕೊಂಡು ನಗುತ್ತಿದ್ದ, ಕಣ್ಣಲ್ಲಿ ನೀರೂ ಇತ್ತು.

"ಆಣೆ ಇಡ್ಸಿದ್ದು ನಾನೇ ಅಲ್ವಾ ಬಾವ," ಎಂದ.